ಮೂತಿಯ ತೂಕ

ನಾನು ಹಲ್ಲು ಮಾಡುತ್ತೇನೆ. ಕೀಳುವವರು ಕೆಳಗಿನ ಮಹಡಿಯ ಡಾಕ್ಟರಮ್ಮ. ಕಿತ್ತ ಜಾಗಕ್ಕೆ ಹೊಸದು ಮಾಡಿಕೊಡುವವಳು ಮೇಲಿನ ಮಹಡಿಯ ಲ್ಯಾಬಿನಲ್ಲಿ ಕೂತಿರುವ ನಾನು. ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ಲೋಹ ಎರಕ ಹೊಯ್ದು, ಮೇಲೆ ಪಿಂಗಾಣಿ ಹಚ್ಚಿ ಸುಟ್ಟು, ಯಾರದೋ ಬಾಯಿಯ ಬಣ್ಣಕ್ಕೆ ಹೊಂದಿಸುವ ಕೆಲಸ. ಇಪ್ಪತ್ತಾರು ವರ್ಷದಿಂದ ಇದೇ. ಊರಿನ ಅರ್ಧ ಜನ ನಾನು ಮಾಡಿದ ಹಲ್ಲಿನಲ್ಲಿ ಅಗಿಯುತ್ತಾರೆ, ಆದರೆ ನನ್ನ ಮುಖದ ಗುರುತು ಒಬ್ಬರಿಗೂ ಇಲ್ಲ. ಅದರ ಬಗ್ಗೆ ನನಗೆ ಬೇಸರವೂ ಇಲ್ಲ. ಹಲ್ಲು ಮಾಡಿದವಳ ಹೆಸರನ್ನು ಹಲ್ಲಿನ ಮೇಲೆ ಬರೆಸಿಕೊಂಡು ಯಾರು ತಿರುಗುತ್ತಾರೆ?

ವಿಮಾನದ ವಿಷಯಕ್ಕೆ ಬಂದರೆ ಮಾತ್ರ ನಾನು ಇಷ್ಟು ಒಳ್ಳೆಯವಳಲ್ಲ.

ನನಗೀಗ ನಲವತ್ತೊಂಬತ್ತು. ಯುದ್ಧವಿಮಾನದ ಹುಚ್ಚು ಹತ್ತಿ ಮೂವತ್ತು ವರ್ಷವಾಯಿತು. ಎರಡನೇ ಮಹಾಯುದ್ಧದ ಯಾವ ವಿಮಾನದ ರೆಕ್ಕೆಯ ತುದಿ ದುಂಡಗಿತ್ತು, ಯಾವುದು ಇಳಿಯುವಾಗ ಎಡಕ್ಕೆ ಎಳೆಯುತ್ತಿತ್ತು ಎಂದು ಕೇಳಿ, ನಿದ್ದೆಗಣ್ಣಿನಲ್ಲಿ ಹೇಳುತ್ತೇನೆ. ಬಟ್ಟೆಯ ಬೀರುವಿನ ಎರಡು ಖಾನೆ ಯುದ್ಧದ ಪುಸ್ತಕಗಳ ಪಾಲಾಗಿದೆ. ಸೀರೆಗಳು ಸೂಟ್‌ಕೇಸಿನಲ್ಲಿವೆ. ಸಾಲದ್ದಕ್ಕೆ ಜಪಾನಿನ ಅನಿಮೆ ಬೇರೆ. ಮಗಳು ಹೈಸ್ಕೂಲಿನಲ್ಲಿದ್ದಾಗ ನೋಡುತ್ತಿದ್ದಳು. ಅವಳು ಬಿಟ್ಟಳು, ನನಗೆ ಅಂಟಿಕೊಂಡಿತು. ಈ ವಯಸ್ಸಿನಲ್ಲಿ ಕಾರ್ಟೂನ್ ನೋಡಿ ಮೂಗು ಸೀಟುವ ಹೆಂಗಸು ಎಂದು ನಮ್ಮ ಯಜಮಾನರು ಬಂದ ನೆಂಟರಿಗೆಲ್ಲ ಹೇಳಿ ನಗುತ್ತಾರೆ.

"ಕಾರ್ಟೂನ್ ಅಲ್ಲ ರೀ, ಅನಿಮೆ," ಎಂದರೆ, "ಅದೇ ಕಣೇ, ಕಣ್ಣು ದೊಡ್ಡದಿರೋ ಕಾರ್ಟೂನು," ಎನ್ನುತ್ತಾರೆ.

ಊರಿನಲ್ಲಿ ನಮ್ಮಂಥ ಹುಚ್ಚರು ಏಳು ಜನ. ಗಡಿಯಾರ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರಿ, ಕೈಯಾರೆ ಮಾಡಿದ ಪುಟ್ಟ ಮಾದರಿ ವಿಮಾನಗಳನ್ನು ಮೇಜಿನ ಮೇಲಿಟ್ಟು ಒಬ್ಬರನ್ನೊಬ್ಬರು ಹೊಗಳಿ, ಹಿಂದಿನಿಂದ ಬಯ್ದುಕೊಳ್ಳುತ್ತೇವೆ. ಏಳರಲ್ಲಿ ಹೆಂಗಸು ನಾನೊಬ್ಬಳೇ. ಮೊದಲ ದಿನ ಹೋದಾಗ ಯಾರದೋ ಹೆಂಡತಿ ಗಂಡನನ್ನು ಹುಡುಕಿಕೊಂಡು ಬಂದಿದ್ದಾಳೆಂದು ಎಲ್ಲರೂ ಗಾಬರಿಯಾಗಿ ಎದ್ದು ನಿಂತರು. ಒಬ್ಬರು ಮಾತ್ರ ನನ್ನ ಕೈಯಲ್ಲಿದ್ದ ಡಬ್ಬಿ ತೆರೆದು, ಒಳಗಿದ್ದ ಗೇಣುದ್ದದ ವಿಮಾನವನ್ನು ಬೆಳಕಿಗೆ ಹಿಡಿದು ನೋಡಿದರು.

"ಅಯ್ಯೋ, ಈ ಪೈಲಟ್ಟಿಗೆ ಹಲ್ಲಿದೆಯಲ್ರೀ!" ಎಂದರು.

ಇತ್ತು. ಕಾಳುಮೆಣಸಿನಷ್ಟು ತಲೆ, ಅದರಲ್ಲೊಂದು ನಗು, ನಗುವಿನಲ್ಲಿ ಹಲ್ಲು. ಅವತ್ತಿನಿಂದ ಸಂಘದಲ್ಲಿ ನನಗೆ ಹಲ್ಲಕ್ಕ ಎಂದೇ ಹೆಸರಾಯಿತು. ಹಾಗೆ ನೋಡಿದವರೇ ಕರ್ನಲ್.

ಕರ್ನಲ್ ಎಂದರೆ ಸೈನ್ಯದವರಲ್ಲ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ, ಠಸ್ಸೆ ಹೊಡೆದು ನಿವೃತ್ತರಾದವರು. ಯಾವ ಯುದ್ಧದಲ್ಲಿ ಯಾವ ಸೇನಾಪತಿ ಯಾವ ಗುಡ್ಡದ ಮೇಲೆ ನಿಂತು ಎಡವಟ್ಟು ಮಾಡಿದ ಎಂದು ಕೈ ಬೀಸಿ ಬೀಸಿ ಹೇಳುವ ಠೀವಿಗೆ ಆ ಹೆಸರು ಬಿದ್ದಿತ್ತು. ಮದುವೆಯಾಗಿರಲಿಲ್ಲ. ನನಗಿಂತ ಹದಿಮೂರು ವರ್ಷ ದೊಡ್ಡವರು. ನಾನು ಕರ್ನಲ್ಲಣ್ಣ ಎನ್ನುತ್ತಿದ್ದೆ, ಅವರು ತಂಗಿ ಎನ್ನುತ್ತಿದ್ದರು. ನನಗೆ ಒಡಹುಟ್ಟಿದ ಅಣ್ಣ ಇಲ್ಲ. ಇದ್ದಿದ್ದರೂ ಅವನ ಜೊತೆ ಬಾಂಬರಿನ ಬಾಲದ ಬಗ್ಗೆ ಎರಡು ಗಂಟೆ ಜಗಳ ಆಡಲು ಆಗುತ್ತಿರಲಿಲ್ಲ. ಓದುವುದರಲ್ಲಿ ಅವರು ಸೇನಾಪತಿಗಳ ಪಕ್ಷ, ನಾನು ಮೆಕ್ಯಾನಿಕ್ಕುಗಳ ಪಕ್ಷ. ಪೈಲಟ್ಟಿನ ಹೆಸರನ್ನು ಕಿಟಕಿಯ ಕೆಳಗೆ ದೊಡ್ಡದಾಗಿ ಬರೆಯುತ್ತಿದ್ದರಂತೆ, ರಾತ್ರಿಯೆಲ್ಲ ಎಂಜಿನ್ ಬಿಚ್ಚಿ ಕಟ್ಟಿದವನ ಹೆಸರು ಎಲ್ಲೂ ಇರುತ್ತಿರಲಿಲ್ಲವಂತೆ ಎಂದು ನಾನು ಸಿಡಿಮಿಡಿಗೊಂಡರೆ, "ನೀನು ಬಿಡು, ಆ ಕಾಲದಲ್ಲಿ ಇದ್ದಿದ್ರೆ ಮೆಕ್ಯಾನಿಕ್ಕುಗಳ ಯೂನಿಯನ್ ಕಟ್ತಿದ್ದೆ," ಎಂದು ಕೀಟಲೆ ಮಾಡುತ್ತಿದ್ದರು.

ಹನ್ನೊಂದು ವರ್ಷ, ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ, ತಮ್ಮ ಹಸಿರು ಸಾಮಾನು ಪೆಟ್ಟಿಗೆ ಹಿಡಿದು ಅವರು ನಮ್ಮ ಮನೆಗೆ ಬರುತ್ತಿದ್ದರು. ಹಿಂದಿನ ಕೋಣೆಯಲ್ಲಿ ನಮ್ಮ ಮೇಜು. ಅಂಟು ಹಾಕಿದ ಮೇಲೆ ಅದು ಹಿಡಿಯುವ ತನಕ ಕೈ ಕಟ್ಟಿ ಕೂರಬೇಕಲ್ಲ, ಆಗ ಅನಿಮೆ. ಒಂದು ಕಂತು ಇಪ್ಪತ್ನಾಲ್ಕು ನಿಮಿಷ. ಅಂಟಿಗೂ ಸರಿಸುಮಾರು ಅಷ್ಟೇ ಹೊತ್ತು. ಮೊದಮೊದಲು ಅವರು ಮೂಗು ಮುರಿದರು. ನನ್ನ ಬಲವಂತಕ್ಕೆ ಎಷ್ಟೋ ನೋಡಿದ ಮೇಲೆ ಈ ವರ್ಷ ಒಂದು ಸರಣಿ ಸಿಕ್ಕಿತು. ಬೆಟ್ಟದ ದೇಶವೊಂದರಲ್ಲಿ ಹಳೇ ಯುದ್ಧವಿಮಾನಗಳಲ್ಲಿ ಟಪಾಲು ಸಾಗಿಸುವ ಹುಡುಗಿಯರ ಕಥೆ. ಟಪಾಲು ಎಂದ ಮೇಲೆ ಮುಗಿಯಿತು, ನನಗಿಂತ ಹೆಚ್ಚಾಗಿ ಅವರೇ ಅದಕ್ಕೆ ಬಿದ್ದರು. ಇಬ್ಬರಲ್ಲಿ ಯಾರೂ ಒಬ್ಬರೇ ಮುಂದಿನ ಕಂತು ನೋಡಬಾರದು ಎಂದು ಒಪ್ಪಂದವಾಯಿತು.

ಆ ಸರಣಿಯಲ್ಲಿ ನಕ್ಷೆ ಬರೆಯುವ ಒಬ್ಬ ಮೆತ್ತಗಿನ ಮನುಷ್ಯ ಇದ್ದ. ಇಪ್ಪತ್ತನೇ ಕಂತಿನಲ್ಲಿ ಅವನೇ ಎಲ್ಲರನ್ನೂ ಶತ್ರುಗಳಿಗೆ ಹಿಡಿದುಕೊಟ್ಟಾಗ ನಾನು ಕೂತಲ್ಲೇ ಕಿರುಚಿಬಿಟ್ಟೆ. ಕರ್ನಲ್ ಮಾತ್ರ ಆರಾಮಾಗಿ ಟೀ ಹೀರುತ್ತಿದ್ದರು.

"ನನಗೆ ನಾಲ್ಕನೇ ಕಂತಿನಲ್ಲೇ ಗೊತ್ತಾಗಿತ್ತು ತಂಗಿ. ಊಟಕ್ಕೆ ಕೂತಾಗ ಅವನು ಆ ಹುಡುಗಿ ಮುಖ ನೋಡೋದೇ ಇಲ್ಲ. ನೀನು ಗಮನಿಸಲಿಲ್ವಾ?"

"ಗೊತ್ತಿದ್ರೆ ಹೇಳಬಾರದಾ?"

"ಹೇಳಿದ್ರೆ ನಿನಗೆ ನೋಡೋ ಮಜಾ ಹೋಗ್ತಿತ್ತು," ಎಂದರು.

ಈಗ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಸಂಘದಲ್ಲಿ ಯಾರೂ ವಿಮಾನದ ಮೇಲೆ ಹೆಸರು ಬರೆಯುವುದಿಲ್ಲ. ಹೊರಮೈ ಅಸಲಿ ವಿಮಾನದ್ದು, ಅಲ್ಲಿ ನಮ್ಮದೇನೂ ಇರಕೂಡದು. ವಿಮಾನದ ಒಡಲು ಎರಡು ಹೋಳಾಗಿರುತ್ತದೆ. ಎರಡನ್ನೂ ಸೇರಿಸಿ ಅಂಟಿಸುವ ಮೊದಲು, ಮಾಡಿದವರು ತಮ್ಮದೊಂದು ಗುರುತನ್ನು ಒಳಗಿಡುತ್ತಾರೆ. ಗಡಿಯಾರದವನು ಒಂದು ಹಲ್ಲುಚಕ್ರ ಇಡುತ್ತಾನೆ. ಕರ್ನಲ್ ಉಕ್ಕಿನ ತಂತಿಯನ್ನು ಅಂಚೆ ಠಸ್ಸೆಯ ಹಾಗೆ ದುಂಡಗೆ ಬಗ್ಗಿಸಿ ಇಡುತ್ತಿದ್ದರು. ನನ್ನದು ಎರಕ ಹೊಯ್ದ ಒಂದು ದವಡೆ ಹಲ್ಲು. ಒಮ್ಮೆ ಮುಚ್ಚಿದರೆ ಮುಚ್ಚಿತು. ವಿಮಾನ ಒಡೆಯದೆ ಅದನ್ನು ಯಾರೂ ನೋಡಲಾರರು. ಆದರೆ ಇದೆ ಎಂದು ನಮಗೆ ಗೊತ್ತಿರುತ್ತದೆ.

ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಸೇರಿ ಜೀವಮಾನದ ಕೆಲಸವೊಂದಕ್ಕೆ ಕೈ ಹಾಕಿದೆವು. ಅರ್ಧ ಬಾಗಿಲಿನಷ್ಟು ದೊಡ್ಡ ಹಲಗೆಯ ಮೇಲೆ ಯುದ್ಧಕಾಲದ ಒಂದು ವಿಮಾನ ನಿಲ್ದಾಣ. ಬೆಳಗಿನ ಹೊತ್ತು. ಬಾಂಬ್ ಹಾಕಲು ಹೋದ ವಿಮಾನಗಳು ವಾಪಸ್ಸು ಬರುವ ಸಮಯ. ಒಂದೇ ಒಂದು ಬಂದು ನಿಂತಿದೆ. ಮಿಕ್ಕವು ಎಲ್ಲಿ ಎಂದು ನಲವತ್ತೊಂದು ಜನ ಕತ್ತೆತ್ತಿ ಆಕಾಶ ನೋಡುತ್ತಿದ್ದಾರೆ. ಜನರು ನನ್ನ ಪಾಲು. ಒಬ್ಬೊಬ್ಬರದೂ ಬೇರೆ ಮುಖ, ಬೇರೆ ಕಳವಳ. ಬಂದು ನಿಂತ ಆ ಒಂದು ಬಾಂಬರನ್ನು ಇಬ್ಬರೂ ಸೇರಿ ಮಾಡಿದೆವು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಪ್ರತಿಯೊಂದು ರಿವೆಟ್ಟನ್ನೂ ಸೂಜಿಮೊನೆಯಿಂದ ಒತ್ತಿ. ರೆಕ್ಕೆ, ಎಂಜಿನ್ನು ಅವರದು. ಒಡಲು, ಒಳಗಿನ ಕುರ್ಚಿ, ಮೀಟರುಗಳು ನನ್ನವು.

ಮೂರು ಚಕ್ರದ ವಿಮಾನಕ್ಕೊಂದು ರೋಗ ಉಂಟು. ಅಸಲಿಯಲ್ಲಿ ಎಂಜಿನ್ನಿನ ಭಾರ ಮುಂದಿರುತ್ತದೆ. ನಾವು ಮಾಡಿದ್ದರಲ್ಲಿ ಎಂಜಿನ್ ಖಾಲಿ. ಹಾಗಾಗಿ ಮೂತಿ ಮೇಲೆದ್ದು, ಬಾಲ ನೆಲಕ್ಕೆ ಕುಕ್ಕರಿಸಿಬಿಡುತ್ತದೆ. ಕೆಲವರು ಚಕ್ರವನ್ನು ನೆಲಕ್ಕೆ ಅಂಟಿಸಿ ಕಳ್ಳಾಟ ಆಡುತ್ತಾರೆ. ನಮಗೆ ಅದು ಅವಮಾನ. ಮೂತಿಯೊಳಗೆ ಸರಿಯಾದ ತೂಕ ಇಟ್ಟು, ವಿಮಾನ ತಾನಾಗಿಯೇ ನಿಲ್ಲುವಂತೆ ಮಾಡಬೇಕು. ನಾನು ಲ್ಯಾಬಿನಲ್ಲಿ ಕೂತು ಲೆಕ್ಕ ಹಾಕಿ, ಮಾಮೂಲಿಗಿಂತ ತುಸು ದೊಡ್ಡದಾದ ಒಂದು ದವಡೆ ಹಲ್ಲು ಎರಕ ಹೊಯ್ದೆ. ಹನ್ನೆರಡು ಗ್ರಾಂ. ಗುರುತೂ ಅದೇ, ತೂಕವೂ ಅದೇ. ಮೂತಿಯೊಳಗಿಟ್ಟು ನೋಡಿದರೆ ವಿಮಾನ ಕಡ್ಡಿಯಷ್ಟೂ ಅಲುಗಾಡದೆ ಮೂರು ಕಾಲಿನ ಮೇಲೆ ನಿಂತಿತು.

"ನೋಡಿದ್ರಾ ಕರ್ನಲ್ಲಣ್ಣ? ನಾನಿಲ್ಲದಿದ್ರೆ ನಿಮ್ಮ ಬಾಂಬರು ಹಿಂದಕ್ಕೆ ಮಗುಚಿಕೊಳ್ತಿತ್ತು," ಎಂದೆ.

ಅವರು ನಕ್ಕರು. ಎಷ್ಟು ಜನರ ಮುಂದೆ ಈ ಮಾತು ಹೇಳಿಕೊಂಡು ಮೆರೆದಿದ್ದೇನೋ ನನಗೇ ಲೆಕ್ಕವಿಲ್ಲ.

ಆ ಒಡಲನ್ನು ಮುಚ್ಚಬೇಕಿದ್ದ ಭಾನುವಾರ ನಮ್ಮ ಯಜಮಾನರಿಗೆ ಹರ್ನಿಯಾ ಆಪರೇಷನ್. ಶನಿವಾರವೇ ಆಸ್ಪತ್ರೆ ಸೇರಿದೆವು. ಒಳಗಿನ ಬಣ್ಣ ಒಣಗಿತ್ತು, ಇನ್ನು ತಡಮಾಡಿದರೆ ಹೋಳುಗಳು ಸೊಟ್ಟಗಾಗುವ ಭಯ. "ನೀನು ಅವರನ್ನ ನೋಡ್ಕೋ ತಂಗಿ. ನಾನು ಹೋಗಿ ಅಂಟು ಹಾಕಿ ಬರ್ತೀನಿ," ಎಂದರು ಕರ್ನಲ್. ಮನೆಯ ಬೀಗದ ಕೈ ಕೊಟ್ಟೆ. ಸಂಜೆ ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ಕಾಫಿ ತಂದರು. ಬೆರಳ ತುದಿಯಲ್ಲಿ ಅಂಟು ಒಣಗಿ ಇನ್ನೂ ಬೆಳ್ಳಗೆ ಹಿಡಿದಿತ್ತು.

"ಮುಚ್ಚಿದೆ. ನಿನ್ನ ಹಲ್ಲು, ನನ್ನ ಠಸ್ಸೆ, ಎರಡೂ ಜೋಪಾನವಾಗಿ ಒಳಗೆ ಕೂತಿವೆ," ಎಂದು ಮೊದಲ ಲೋಟ ನನ್ನ ಕೈಗೇ ಕೊಟ್ಟರು. ಅರವಳಿಕೆಯ ಮಂಪರಿನಲ್ಲಿದ್ದ ಯಜಮಾನರು ಕಣ್ಣು ಬಿಟ್ಟು, "ಬಾಂಬರ್ ಹೇಗಿದೆಯಂತೆ?" ಎಂದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬೀಗದ ಕೈಯನ್ನು ಅವರ ಹತ್ತಿರವೇ ಇರಲಿ ಎಂದೆ.

ಇದಾಗಿ ಎರಡು ವರ್ಷಕ್ಕೆ ಕೆಲಸ ಮುಗಿಯಿತು. ಹೋದ ತಿಂಗಳು ಊರಿನ ಮ್ಯೂಸಿಯಂನಲ್ಲಿ ನಮ್ಮಂಥ ಸಂಘಗಳ ಪ್ರದರ್ಶನ ಇತ್ತು. ಎಲ್ಲಕ್ಕಿಂತ ಚೆನ್ನಾಗಿದ್ದುದನ್ನು ಮ್ಯೂಸಿಯಂನವರೇ ಗಾಜಿನ ಪೆಟ್ಟಿಗೆಯಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳುತ್ತಾರೆ. ನನಗೆ ಲ್ಯಾಬಿನಲ್ಲಿ ರಜ ಸಿಗದ ಕಾರಣ ಸಾಗಿಸುವುದು, ಅರ್ಜಿ ತುಂಬುವುದು ಎಲ್ಲ ಕರ್ನಲ್ ಮಾಡಿದರು. ಸಂಜೆ ನಾನು ಓಡೋಡಿ ಹೋಗುವಷ್ಟರಲ್ಲಿ ಆಯ್ಕೆ ಮುಗಿದು, ನಮ್ಮ ನಿಲ್ದಾಣದ ಸುತ್ತ ಜನ ಮುತ್ತಿಕೊಂಡಿದ್ದರು. ನಮ್ಮದೇ ಗೆದ್ದಿತ್ತು. ನೂಕಿಕೊಂಡು ಮುಂದೆ ಹೋಗಿ ಫಲಕ ಓದಿದೆ. ಒಂದೇ ಹೆಸರಿತ್ತು. ಅವರದು.

ಎರಡನೇ ಸಲ ಓದಿದೆ. ಹಿಂದೆ ತಿರುಗಿಸಿ ನೋಡೋಣ ಎಂದು ಕೈಯನ್ನೂ ಚಾಚಿದೆ, ಹೇಳಿಕೊಂಡರೆ ನಾಚಿಕೆಯಾಗುತ್ತದೆ. ಹಲ್ಲಿಗೆ ಬೇಡದ ಹೆಸರು ನನಗೆ ಇಲ್ಲಿ ಬೇಕಿತ್ತು. ಬಹಳ ಬೇಕಿತ್ತು.

ಕರ್ನಲ್ ಬಳಿ ಹೋದೆ. ಅವರ ಮುಖ ಬಾಡಿತು.

"ಅರ್ಜಿಯಲ್ಲಿ ಒಂದೇ ಹೆಸರಿಗೆ ಜಾಗ ಇತ್ತು ತಂಗಿ. ನಿಂದು ಕೆಳಗೆ ಬರೆದಿದ್ದೆ. ಆ ಗುಮಾಸ್ತ ನೋಡಿಲ್ಲ ಅನ್ಸತ್ತೆ. ನಾನು ಸರಿಮಾಡಿಸ್ತೀನಿ."

ನಂಬಿದೆ. ನಂಬದೆ ಏನು ಮಾಡಲಿ, ಹನ್ನೊಂದು ವರ್ಷದ ಭಾನುವಾರಗಳಿದ್ದವು. ಬಯ್ಗುಳವನ್ನೆಲ್ಲ ಆ ಕಾಣದ ಗುಮಾಸ್ತನಿಗೆ ಮೀಸಲಿಟ್ಟು ಮನೆಗೆ ಬಂದೆ. ಯಜಮಾನರು ಮಾತ್ರ, "ಸರಿಮಾಡಿಸ್ತೀನಿ ಅಂದ್ರಾ, ಈಗಲೇ ಮಾಡಿಸ್ತೀನಿ ಅಂದ್ರಾ?" ಎಂದು ಕೇಳಿದರು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ವಾರ ಕಳೆದರೂ ಫಲಕ ಹಾಗೇ ಇತ್ತು. ನಾನೇ ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಬಳಿ ಹೋದೆ. ಆಕೆ ಒಳ್ಳೆಯ ಹೆಂಗಸು. ಒಂದು ಸಾಕ್ಷಿಯನ್ನೂ ಕೇಳಲಿಲ್ಲ. "ಅಯ್ಯೋ, ಆ ಮುಖಗಳೆಲ್ಲ ನೀವು ಮಾಡಿದ್ದಾ? ಗುರುವಾರ ಹೊಸ ಫಲಕ ಬರತ್ತೆ, ಎರಡೂ ಹೆಸರು ಹಾಕಿಸ್ತೀನಿ," ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಖುಷಿಯಲ್ಲಿ ನಮ್ಮ ಪದ್ಧತಿಯನ್ನೆಲ್ಲ ಬಣ್ಣಿಸಿದೆ. ಕೆಳಗಿನ ಡಾಕ್ಟರಮ್ಮನ ಬಳಿ ಬಾಂಬರಿನ ಮೂತಿಗೆ ಒಂದು ಎಕ್ಸ್‌ರೇ ತೆಗೆಸಿ ತರುತ್ತೇನೆ, ಫಲಕದ ಪಕ್ಕದಲ್ಲಿ ತೂಗುಹಾಕಿ, ಒಳಗಿರುವ ಹಲ್ಲು ಮತ್ತು ಠಸ್ಸೆ ಜನಕ್ಕೂ ಕಾಣಲಿ ಎಂದೆ. ಮೇಡಂ ಕುಣಿದಾಡಿಬಿಟ್ಟರು. ಗಾಜಿನ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಗುರುವಾರದೊಳಗೆ ವಾಪಸ್ಸು ತರಬೇಕೆಂದು ಹೇಳಿ, ಬಾಂಬರನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಕರ್ನಲ್‌ಗೆ ಫೋನ್ ಮಾಡಿ ಹೇಳಿದೆ.

"ಬೇಡ ತಂಗಿ. ಎಕ್ಸ್‌ರೇಗೆ ಬಣ್ಣ ಕೆಡತ್ತೆ."

"ನನಗೆ ಹೇಳ್ತೀರಾ? ನಾನು ದಿನಾ ಅದರ ಮಧ್ಯೆ ಇರೋಳು. ಏನೂ ಆಗಲ್ಲ."

"ಅದಲ್ಲ. ಒಳಗಿನ ಗುರುತು ಒಳಗೇ ಇರಬೇಕು. ಅದೇ ಅಲ್ವಾ ನಮ್ಮ ಪದ್ಧತಿ? ತೋರಿಸಿಕೊಂಡ್ರೆ ಅದಕ್ಕೇನು ಬೆಲೆ?"

ಮಾತು ಎಷ್ಟು ಚೆನ್ನಾಗಿತ್ತೆಂದರೆ, ನಾನು ಇನ್ನೇನು ಬಿಟ್ಟುಬಿಡಬೇಕು ಎಂದುಕೊಂಡಿದ್ದೆ. ಫೋನಿಟ್ಟ ಮೇಲೆ ಆಸೆ ತಡೆಯಲಾಗಲಿಲ್ಲ.

ಬುಧವಾರ ಮಧ್ಯಾಹ್ನ ರೋಗಿಗಳು ಖಾಲಿಯಾದ ಹೊತ್ತಿನಲ್ಲಿ ಬಾಂಬರನ್ನು ಕೆಳಗೆ ತೆಗೆದುಕೊಂಡು ಹೋದೆ. ಡಾಕ್ಟರಮ್ಮ ನಗುತ್ತಾ ಅದನ್ನು ರೋಗಿಯ ಕುರ್ಚಿಯ ಮೇಲೆ ಕೂರಿಸಿದರು. "ಬಾಯಿ ತೆಗೀರಿ ಸಾರ್," ಎಂದು ಬಾಂಬರಿಗೆ ಹೇಳಿದರು. ದವಡೆಗೆ ಬಳಸುವ ದೊಡ್ಡ ಫಿಲ್ಮನ್ನು ಮೂತಿಯ ಕೆಳಗಿಟ್ಟು ತೆಗೆದರು. ತೊಳೆದ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

"ಅಕ್ಕ, ಹಲ್ಲೆಲ್ಲಿ?" ಎಂದರು ಡಾಕ್ಟರಮ್ಮ.

ಪ್ಲಾಸ್ಟಿಕ್ಕಿನ ಮೂತಿ ತೆಳು ಬೂದುಬಣ್ಣದಲ್ಲಿ ಹರಡಿತ್ತು. ಹಿಂದೆ, ಪೈಲಟ್ಟಿನ ಕುರ್ಚಿಯ ಕೆಳಗೆ, ಠಸ್ಸೆಯ ಉಂಗುರ ಬೆಳ್ಳಗೆ ದುಂಡಗೆ ಹೊಳೆಯುತ್ತಿತ್ತು. ಮುಂದೆ, ಹಲ್ಲು ಇರಬೇಕಾದ ಜಾಗದಲ್ಲಿ, ಸಣ್ಣ ಸಣ್ಣ ಗುಂಡುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು. ಇಪ್ಪತ್ತಾರು ವರ್ಷದಿಂದ ಎಕ್ಸ್‌ರೇ ನೋಡಿದ ಕಣ್ಣು ನನ್ನದು. ಯಾವುದು ಹಲ್ಲು, ಯಾವುದು ಅಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕುರ್ಚಿ ಎಳೆದುಕೊಂಡು ಕೂತೆ. ಫಲಕದ ಹೆಸರು ಗುಮಾಸ್ತನ ತಪ್ಪಾಗಿರಬಹುದು, ಗೆದ್ದ ಸಂಭ್ರಮದಲ್ಲಿ ಹುಟ್ಟಿದ ದುರಾಸೆಯಾಗಿರಬಹುದು. ಅಂಥದ್ದನ್ನು ನಾಲ್ಕು ಬಯ್ದು ಮರೆಯುತ್ತಿದ್ದೆ. ಆದರೆ ಇದು ಹೋದ ತಿಂಗಳಿನದಲ್ಲ. ಒಡಲು ಮುಚ್ಚಿದ ದಿನದ್ದು. ನಾನು ಆಸ್ಪತ್ರೆಯಲ್ಲಿದ್ದಾಗ, ನನ್ನ ಮನೆಯಲ್ಲಿ, ನನ್ನ ಮೇಜಿನ ಮುಂದೆ ಕೂತು, ನನ್ನ ಹಲ್ಲನ್ನು ಚಿಮಟದಲ್ಲಿ ಎತ್ತಿ ಆಚೆಗಿಟ್ಟಿದ್ದಾರೆ. ಅದು ಎಷ್ಟು ತೂಗುತ್ತದೋ ಅಷ್ಟೇ ಸೀಸ ತೂಗಿ ಒಳಗೆ ತುಂಬಿದ್ದಾರೆ. ಆಮೇಲೆ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಾರೆ. ನಮ್ಮ ಮನೆಯಲ್ಲಿ ಸೀಸ ಇರಲಿಲ್ಲ, ಮೊದಲೇ ಪೆಟ್ಟಿಗೆಯಲ್ಲಿ ತಂದಿದ್ದರು ಎಂದ ಮೇಲೆ, ಬೀಗದ ಕೈ ಇಸಿದುಕೊಳ್ಳುವಾಗಲೇ ಮನಸ್ಸಿನಲ್ಲಿತ್ತು.

ಆಮೇಲಿನ ಎರಡು ವರ್ಷ? ಪ್ರತಿ ಭಾನುವಾರ ಬಂದಿದ್ದಾರೆ. ಬಾಂಬರು ನೆಟ್ಟಗೆ ನಿಂತಿರುವುದನ್ನು ತೋರಿಸಿ ನಾನು ಜಂಬ ಕೊಚ್ಚಿದಾಗಲೆಲ್ಲ ಪಕ್ಕದಲ್ಲಿ ಕೂತು ನಕ್ಕಿದ್ದಾರೆ. ನಿಂತಿದೆ, ಅಂದರೆ ನಾನು ಒಳಗಿದ್ದೇನೆ ಎಂದುಕೊಂಡಿದ್ದೆ. ನನ್ನಂಥ ದಡ್ಡಿ ಬೇರೊಬ್ಬಳಿಲ್ಲ.

ರಾತ್ರಿಗೆ ಯಜಮಾನರಿಗೆ ಫಿಲ್ಮ್ ತೋರಿಸಿದೆ. ಅವರಿಗೆ ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಆದರೂ ಬಲ್ಬಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನನ್ನ ಹೊಟ್ಟೆ ಕೊಯ್ದ ದಿನವಾ?" ಎಂದರು.

ಹೌದೆಂದೆ. "ಮ್ಯೂಸಿಯಂಗೆ ಹೋಗಿ ಹೇಳೋಣ. ಸಾಕ್ಷಿ ನಾನಿದ್ದೀನಿ, ಮಗಳಿದ್ದಾಳೆ, ಇಡೀ ಸಂಘ ಇದೆ. ಅವರ ಹೆಸರೇ ತೆಗೆಸ್ತೀನಿ," ಎಂದು ಎದ್ದು ನಿಂತರು. ಕಾರ್ಟೂನು ಎಂದು ನಗುವ ಮನುಷ್ಯ, ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಕೂತ್ಕೊಳ್ಳಿ ಎಂದೆ. ಮೇಡಂಗೆ ಫೋನ್ ಮಾಡಿ, ಬಾಂಬರನ್ನು ಸೋಮವಾರ ತರುತ್ತೇನೆಂದು ಹೇಳಿದೆ.

ಭಾನುವಾರ ಹತ್ತಕ್ಕೆ ಕರ್ನಲ್ ಬಂದರು, ಹಸಿರು ಪೆಟ್ಟಿಗೆಯ ಸಮೇತ. ತಮ್ಮ ಬಳಿಯಿದ್ದ ಕೀಲಿಯಿಂದಲೇ ಬಾಗಿಲು ತೆರೆದುಕೊಂಡು ಬಂದರು. "ಇವತ್ತು ಕೊನೇ ಎರಡು ಕಂತು ಅಲ್ವಾ ತಂಗಿ?" ಎಂದು ತಮ್ಮ ಜಾಗದಲ್ಲಿ ಕೂತರು. ಮೇಜಿನ ಮೇಲೆ ಬಾಂಬರು ನಿಂತಿತ್ತು. ನಾನು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಅವರು ಕನ್ನಡಕ ಏರಿಸಿ ನೋಡಿದರು. ಆಮೇಲೆ ಹೇಳಿದ ಮೊದಲ ಮಾತನ್ನು ನಾನು ಸಾಯುವ ತನಕ ಮರೆಯಲಾರೆ.

"ಒಂದು ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ, ಗೊತ್ತಾ? ಮೂರು ಸಲ ತೂಗಿದ್ದೆ."

ಆ ದನಿಯಲ್ಲಿ ಹೆಮ್ಮೆ ಇತ್ತು. ಕೆಲಸ ಬಲ್ಲವರು ಕೆಲಸ ಬಲ್ಲವಳಿಗೆ ಹೇಳುವ ಹಾಗೆ ಹೇಳಿದ್ದರು. ಹೇಳಿದ ಮೇಲೆ ತಾವು ಏನಂದೆವೆಂದು ಅರಿವಾಗಿ ನಾಲಿಗೆ ಕಚ್ಚಿಕೊಂಡರು.

"ಯಾಕೆ?" ಎಂದೆ.

"ಮೂವತ್ತೈದು ವರ್ಷ ಕಂಡವರ ಕಾಗದಕ್ಕೆ ಠಸ್ಸೆ ಹೊಡೆದೆ ತಂಗಿ. ನಿನಗೆ ಸಂಸಾರ ಇದೆ, ಕೆಲಸ ಇದೆ, ಬಾಯಿ ತೆಗೆದ್ರೆ ನಗಿಸೋ ಗಂಡ ಇದ್ದಾರೆ. ನಂದು ಅಂತ ಒಂದು, ಒಂದೇ ಒಂದು, ಪೂರ್ತಿ ನಂದಾಗಿ ಇರಲಿ ಅನ್ನಿಸಿಬಿಡ್ತು. ಮುಖಗಳು ನಿಂದೇ, ಅದನ್ನ ಯಾವತ್ತೂ ಇಲ್ಲ ಅಂದಿಲ್ಲ."

"ಫಲಕದಲ್ಲಿ ಅಂದಿದ್ದೀರಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೇಳಿದ್ರೆ ಬಿಟ್ಟುಕೊಡ್ತಿದ್ದೆ," ಎಂದೆ. ಅದು ಪೂರ್ತಿ ನಿಜವಲ್ಲ. ಕೇಳಿದ್ದರೆ ಮೊದಲು ಮನೆ ಹಾರಿಹೋಗುವಂತೆ ಜಗಳ ಆಡುತ್ತಿದ್ದೆ, ಒಂದು ತಿಂಗಳು ಮಾತು ಬಿಡುತ್ತಿದ್ದೆ. ಆಮೇಲೆ ಪ್ರಾಯಶಃ ಬಿಟ್ಟುಕೊಡುತ್ತಿದ್ದೆ. ಆ ಜಗಳವನ್ನೂ ಅವರು ನನಗೆ ಕೊಡಲಿಲ್ಲ.

"ನನ್ನ ಹಲ್ಲೆಲ್ಲಿ?"

ಅವರು ಹಸಿರು ಪೆಟ್ಟಿಗೆ ತೆರೆದರು. ಬ್ರಷ್ಷುಗಳ ತಟ್ಟೆ ಎತ್ತಿ, ಅದರ ಕೆಳಗಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಹತ್ತಿಯ ಮೇಲೆ ಹನ್ನೆರಡು ಗ್ರಾಂ ಮಲಗಿತ್ತು. ಎರಡು ವರ್ಷ ಅದು ಆ ಪೆಟ್ಟಿಗೆಯಲ್ಲೇ ಇತ್ತು. ಪ್ರತಿ ಭಾನುವಾರ ನನ್ನ ಮನೆಗೆ ಬಂದು, ನನ್ನ ಮೊಣಕೈಯ ಪಕ್ಕ ಕೂತು, ಇಪ್ಪತ್ನಾಲ್ಕು ನಿಮಿಷ ನಮ್ಮ ಜೊತೆಯೇ ಕಥೆ ನೋಡಿ ಹೋಗುತ್ತಿತ್ತು.

"ಬಿಸಾಡೋಕೆ ಮನಸ್ಸು ಬರಲಿಲ್ಲ," ಎಂದರು. ಕಣ್ಣಲ್ಲಿ ನೀರಿತ್ತು. "ಕೆಳಗಿನ ಅಂಟು ಬಿಡಿಸಿದ್ರೆ ಈಗಲೂ ಒಳಗಿಡಬಹುದು ತಂಗಿ. ಒಂದು ಗಂಟೆ ಕೆಲಸ. ಸೀಸ ತೆಗೆದುಬಿಡೋಣ. ನೀನೇ ನಿನ್ನ ಕೈಯಾರೆ ಇಡು."

ನಾನು ಬಾಂಬರನ್ನು ನೋಡಿದೆ. ಮೂರು ಚಕ್ರದ ಮೇಲೆ ನಿಶ್ಚಿಂತೆಯಾಗಿ ನಿಂತಿತ್ತು.

"ಬೇಡ. ನಾನಿಲ್ಲದೇನೇ ನೆಟ್ಟಗೆ ನಿಂತಿದೆ. ನೀವೇ ನಿಲ್ಲಿಸಿದ್ದೀರಲ್ಲ," ಎಂದೆ. "ಬೀಗದ ಕೈ ಕೊಟ್ಟುಹೋಗಿ."

ಅವರು ಜೇಬಿನಿಂದ ತೆಗೆದು ಬೆಂಕಿಪೊಟ್ಟಣದ ಪಕ್ಕ ಇಟ್ಟರು. ಕೊನೆಯ ಕಂತುಗಳು, ಎಂದು ಏನೋ ಹೇಳಹೊರಟು ಪೆಟ್ಟಿಗೆ ಎತ್ತಿಕೊಂಡರು. ಬಾಗಿಲ ತನಕ ಹೋಗಿ, "ಬರ್ತೀನಿ ತಂಗಿ," ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಆ ಮಾತಿಗೆ ಹ್ಞೂಂ ಎನ್ನಲಿಲ್ಲ. ಅವರು ಹೋದ ಮೇಲೆ ಒಳಗೆ ಬಂದು ಜೋರಾಗಿ ಅತ್ತೆ. ಯಜಮಾನರು ಟೀ ತಂದಿಟ್ಟು, ಈ ಸಲ ಯಾರಿಗೂ ಹೇಳಿಕೊಂಡು ನಗುವುದಿಲ್ಲ ಎಂದರು. ಕೊನೆಯ ಎರಡು ಕಂತು ಇನ್ನೂ ಹಾಗೇ ಇವೆ.

ಸೋಮವಾರ ಬೆಳಗ್ಗೆ ಬಾಂಬರನ್ನು ಮ್ಯೂಸಿಯಂಗೆ ಒಪ್ಪಿಸಿದೆ. ಗಾಜಿನ ಪೆಟ್ಟಿಗೆ ಬಂದಿತ್ತು, ಹೊಸ ಫಲಕವೂ ಬಂದಿತ್ತು. ಒಂದೇ ಸಾಲಿನಲ್ಲಿ ಇಬ್ಬರ ಹೆಸರು, ಒಂದೇ ಗಾತ್ರದ ಅಕ್ಷರ. ಬೇಕು ಬೇಕು ಎಂದು ಹಂಬಲಿಸಿದ್ದು ಕಣ್ಣೆದುರು ಇತ್ತು. ಓದಿದೆ, ಏನೂ ಅನ್ನಿಸಲಿಲ್ಲ. ನಲವತ್ತೊಂದು ಜನ ಕತ್ತೆತ್ತಿ, ಇನ್ನೂ ಬಾರದವರಿಗಾಗಿ ಆಕಾಶ ನೋಡುತ್ತಿದ್ದರು. ಮೇಡಂ ಬಾಂಬರನ್ನು ಅದರ ಜಾಗದಲ್ಲಿಟ್ಟು ಗಾಜು ಮುಚ್ಚಿದರು. ಫಲಕದ ಪಕ್ಕದಲ್ಲಿ ಗೋಡೆಗೆ ಒಂದು ಪುಟ್ಟ ಚೌಕಟ್ಟು ಹೊಡೆಸಿದ್ದರು, ಖಾಲಿಯಾಗಿತ್ತು.

"ಎಕ್ಸ್‌ರೇ ತಂದ್ರಾ? ನೀವಿಬ್ಬರೂ ಒಳಗಿರೋದನ್ನ ಜನ ನೋಡಲಿ," ಎಂದು ಕೈ ಚಾಚಿದರು.

ಫಿಲ್ಮ್ ನನ್ನ ಕೈಚೀಲದಲ್ಲೇ ಇತ್ತು, ಬೆಂಕಿಪೊಟ್ಟಣದ ಜೊತೆಗೆ.

"ಇಲ್ಲ ಮೇಡಂ," ಎಂದೆ. "ಅದು ಸರಿಯಾಗಿ ಬರಲಿಲ್ಲ."